ಕಡಲಿಗಿಳಿದ ಹಗ್ಗ ಹರಿದರೆ ತಪ್ಪು ಯಾರದು?

ಸಮುದ್ರದ ತಳದಲ್ಲಿ ತೈಲದ, ಅನಿಲದ ಬಾವಿ ಕೊರೆದು ಅದರ ಬಾಯಿಗೆ ಕವಾಟಗಳನ್ನು ಕೂರಿಸಿರುತ್ತಾರೆ. ಅವನ್ನು ತೆರೆಯಲು ಮುಚ್ಚಲು ಅಷ್ಟು ಆಳದಲ್ಲಿ ಯಾರೂ ಹೋಗಿ ಕೂರುವ ಹಾಗಿಲ್ಲ. ಅದಕ್ಕೇ ಮೇಲಿನಿಂದ ಒಂದು ದಪ್ಪ ಕೇಬಲ್ ಇಳಿಬಿಡುತ್ತಾರೆ. ಅದರ ಹೊಟ್ಟೆಯೊಳಗೆ ವಿದ್ಯುತ್ ತಂತಿ, ಸಂದೇಶ ಸಾಗಿಸುವ ಆಪ್ಟಿಕಲ್ ಫೈಬರ್, ಕವಾಟ ತಿರುಗಿಸುವ ಹೈಡ್ರಾಲಿಕ್ ದ್ರವದ ಕೊಳವೆ, ಅನಿಲವೂ ನೀರೂ ಸೇರಿ ಮಂಜುಗಡ್ಡೆಯ ಹಾಗೆ ಕಟ್ಟಿಕೊಳ್ಳದಿರಲಿ ಅಂತ ಕಳಿಸುವ ಮೆಥನಾಲ್‌ನ ಕೊಳವೆ, ಎಲ್ಲವೂ ಒಟ್ಟಿಗೆ ಹೊಸೆದುಕೊಂಡಿರುತ್ತವೆ. ಎಂಜಿನಿಯರುಗಳು ಇದಕ್ಕೆ ಇಟ್ಟ ಹೆಸರು ಅಂಬಿಲಿಕಲ್. ಅಂದರೆ ಹೊಕ್ಕುಳಬಳ್ಳಿ! ಕಾಕಿನಾಡದ ಆಚೆ, ಕೃಷ್ಣಾ-ಗೋದಾವರಿ ಕೊಳ್ಳದ ಆಳಸಮುದ್ರದಲ್ಲಿ 2009ರಲ್ಲಿ ಅನಿಲ ಕೊಡಲು ಶುರುಮಾಡಿದ ಬಾವಿಗಳಿಗೂ ಇಂಥದೇ ಹೊಕ್ಕುಳಬಳ್ಳಿ.

ಕೆಲವು ತಿಂಗಳಿಂದ ನನಗೆ ಈ ಕೇಬಲ್ಲುಗಳ ಇತಿಹಾಸ ಓದುವ ಹುಚ್ಚು ಹತ್ತಿದೆ. ಓದುತ್ತಾ ಹೋದ ಹಾಗೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಅದನ್ನು ನಿಮ್ಮ ಮುಂದೆ ಹರವಿಕೊಳ್ಳೋಣ ಅಂತ ಈ ಬರಹ.

ಮೊದಲಿಗೆ ಒಂದು ಪ್ರಶ್ನೆ. ಇಪ್ಪತ್ತು-ಇಪ್ಪತ್ತೈದು ವರ್ಷ ಸಮುದ್ರದಲ್ಲಿ ಬಾಳಬೇಕಾದ ಕೇಬಲ್ಲಿಗೆ ತೀರಾ ಕಷ್ಟದ ದಿನ ಯಾವುದು? ಉಪ್ಪುನೀರು ತಿನ್ನುವ ದಿನವೇ? ಮೇಲಿರುವ ನೀರಿನ ಒತ್ತಡದ ದಿನವೇ? ತಳ ಮುಟ್ಟಿದ ಮೇಲೆ ಕೇಬಲ್ ಬಹುಪಾಲು ಸುಮ್ಮನೆ ಮಲಗಿರುತ್ತದೆ. ಅದರ ನಿಜವಾದ ಪರೀಕ್ಷೆ ನಡೆಯುವುದು ಹಡಗಿನಿಂದ ತಳದವರೆಗೆ ತನ್ನದೇ ಭಾರಕ್ಕೆ ಜೋತುಬಿದ್ದಿರುವ ಹೊತ್ತಿನಲ್ಲಿ. ಇದು ಮನುಷ್ಯರ ಅರಿವಿಗೆ ಬರಲು 1850ರಿಂದ 1866ರವರೆಗೆ ಹದಿನಾರು ವರ್ಷ ಹಿಡಿಯಿತು. ಅಷ್ಟರಲ್ಲಿ ಲಕ್ಷಾಂತರ ಪೌಂಡು ನೀರುಪಾಲಾಯಿತು. ಪ್ರತಿಸಲ ಹಗ್ಗ ಹರಿದಾಗಲೂ ಯಾರೋ ಒಬ್ಬನ ತಲೆಗೆ ಅಪವಾದ ಕಟ್ಟಿದ್ದೂ ಆಯಿತು.

*

1850ರ ಆಗಸ್ಟ್ 28. ಜೇಕಬ್ ಮತ್ತು ಜಾನ್ ಬ್ರೆಟ್ ಎಂಬ ಅಣ್ಣತಮ್ಮಂದಿರು 'ಗೋಲಿಯತ್' ಎಂಬ ಸಣ್ಣ ಹಡಗಿನಿಂದ ಇಂಗ್ಲೆಂಡಿನ ಡೋವರ್‌ನಿಂದ ಫ್ರಾನ್ಸಿನ ಕಡೆಗೆ ಟೆಲಿಗ್ರಾಫ್ ತಂತಿಯನ್ನು ಇಂಗ್ಲಿಷ್ ಕಾಲುವೆಗೆ ಇಳಿಸುತ್ತಾ ಹೋದರು. ಅದು ಬರೀ ಒಂದು ತಾಮ್ರದ ತಂತಿ, ಅದರ ಸುತ್ತ ಗಟ್ಟಾಪರ್ಚಾ, ಅಷ್ಟೇ. ಗಟ್ಟಾಪರ್ಚಾ ಅಂದರೆ ಮಲಯ ಕಡೆಯ ಒಂದು ಮರದ ಹಾಲು; ಬಿಸಿನೀರಲ್ಲಿ ಮೆತ್ತಗಾಗುತ್ತದೆ, ತಣ್ಣಗಾದರೆ ಗಟ್ಟಿಯಾಗುತ್ತದೆ, ನೀರಿನೊಳಗೆ ವಿದ್ಯುತ್ತನ್ನು ಸೋರಲು ಬಿಡುವುದಿಲ್ಲ. (ನಮ್ಮ ಮನೆ ಹಿತ್ತಲಿನ ಸಪೋಟ ಮರವೂ ಇದೇ ಕುಟುಂಬದ್ದು. ಸಪೋಟ ಕಾಯಿ ಕಿತ್ತಾಗ ಕೈಗೆ ಅಂಟುವ ಹಾಲು ನೆನಪಿಸಿಕೊಳ್ಳಿ.) ತಂತಿ ಎಷ್ಟು ಹಗುರವಾಗಿತ್ತೆಂದರೆ ಮುಳುಗಲಿ ಅಂತ ಅಲ್ಲಲ್ಲಿ ಸೀಸದ ಗುಂಡು ಕಟ್ಟಬೇಕಾಯಿತು. ಒಂದೇ ದಿನದಲ್ಲಿ ಅದು ಸತ್ತುಹೋಯಿತು. ಯಾರೋ ಫ್ರೆಂಚ್ ಮೀನುಗಾರ ತನ್ನ ಬಲೆಗೆ ಸಿಕ್ಕಿದ್ದನ್ನು ಕತ್ತರಿಸಿದ ಅನ್ನುವ ಕಥೆ ಇವತ್ತಿಗೂ ಎಲ್ಲ ಪುಸ್ತಕಗಳಲ್ಲೂ ಇದೆ. ನೋಡಿ, ಮೊದಲ ಅಪವಾದ ಆ ಮೀನುಗಾರನಿಗೆ!

ಮಾರನೇ ವರ್ಷ, 1851ರಲ್ಲಿ, ನಾಲ್ಕು ತಾಮ್ರದ ತಂತಿಗಳನ್ನು ಒಟ್ಟುಮಾಡಿ ಸುತ್ತಲೂ ಹತ್ತು ದಪ್ಪ ಕಬ್ಬಿಣದ ತಂತಿಗಳನ್ನು ಹಗ್ಗದ ಹುರಿಯ ಹಾಗೆ ಹೊಸೆದರು. ಅದು ವರ್ಷಗಟ್ಟಲೆ ಕೆಲಸ ಮಾಡಿತು. ಒಳಗೆ ನಾಜೂಕಿನದು, ಸುತ್ತ ಇನ್ಸುಲೇಶನ್, ಹೊರಗೆ ಹುರಿಹಾಕಿದ ಲೋಹದ ಕವಚ. ಇವತ್ತಿನ ಕೇಬಲ್ಲುಗಳ ಮೂಲ ಮಾದರಿ ಅದೇ.

ಆದರೆ ಈ ಕವಚದಲ್ಲಿ ಒಂದು ಪೇಚಿದೆ. ಕಬ್ಬಿಣ ಕೇಬಲ್ಲಿಗೆ ಬಲ ಕೊಡುತ್ತದೆ, ಜೊತೆಗೆ ಭಾರವನ್ನೂ ಕೊಡುತ್ತದೆ. ಕೆಲವೇ ಹತ್ತು ಮೀಟರ್ ಆಳದ ಇಂಗ್ಲಿಷ್ ಕಾಲುವೆಯಲ್ಲಿ ಅದು ಲೆಕ್ಕಕ್ಕೇ ಬರಲಿಲ್ಲ. ಅಟ್ಲಾಂಟಿಕ್ಕಿನ ಆಳವೋ ನಾಲ್ಕು ಸಾವಿರ ಮೀಟರಿಗೂ ಹೆಚ್ಚು!

*

1857ರ ಅಟ್ಲಾಂಟಿಕ್ ಕೇಬಲ್ ನೋಡಿ. ನಡುವೆ ಏಳು ಎಳೆಯ ತಾಮ್ರ, ಗಟ್ಟಾಪರ್ಚಾ, ಅದರ ಹೊರಗೆ ತಲಾ ಏಳು ಎಳೆಯ ಹದಿನೆಂಟು ಕಬ್ಬಿಣದ ಹುರಿಗಳು. ಇಷ್ಟೆಲ್ಲಾ ಇದ್ದರೂ ದಪ್ಪ ಒಂದೂವರೆ ಸೆಂಟಿಮೀಟರಿಗಿಂತ ಸ್ವಲ್ಪ ಜಾಸ್ತಿ, ಹೆಚ್ಚುಕಡಿಮೆ ಕೈಬೆರಳಿನಷ್ಟು. ಸುಮಾರು 2,500 ಮೈಲಿ ಉದ್ದದ ಕೇಬಲ್ಲನ್ನು ಕೆಲವೇ ತಿಂಗಳಲ್ಲಿ ಮುಗಿಸಬೇಕಿತ್ತು. ಅದಕ್ಕೆ ಅರ್ಧ ಕೆಲಸವನ್ನು ಗ್ರೀನಿಚ್‌ನ ಗ್ಲಾಸ್, ಎಲಿಯಟ್ ಕಂಪನಿಗೂ, ಇನ್ನರ್ಧವನ್ನು ಬರ್ಕನ್‌ಹೆಡ್‌ನ ನ್ಯೂವಾಲ್ ಕಂಪನಿಗೂ ಕೊಟ್ಟರು. ಎಲ್ಲಾ ತಯಾರಾದ ಮೇಲೆ ಗೊತ್ತಾಯಿತು, ಒಂದು ಅರ್ಧ ಬಲಹುರಿ, ಇನ್ನೊಂದು ಅರ್ಧ ಎಡಹುರಿ!

ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಇದರ ಅನಾಹುತ ಹೇಳಬೇಕಾಗಿಲ್ಲ. ಹುರಿಹಾಕಿದ ಹಗ್ಗಕ್ಕೆ ಭಾರ ಕಟ್ಟಿ ಜೋತುಬಿಟ್ಟರೆ ಅದು ಹುರಿ ಬಿಚ್ಚಿಕೊಳ್ಳಲು ನೋಡುತ್ತದೆ. ಬಾವಿಯಲ್ಲಿ ಕೊಡ ಮೇಲೆ ಬರುವಾಗ ತಾನೇ ತಾನಾಗಿ ತಿರುಗುವುದು ಅದಕ್ಕೇ. ಒಂದೇ ಕಡೆ ಹುರಿಯಿರುವ ಎರಡು ಹಗ್ಗ ಸೇರಿಸಿದರೆ ಒಂದು ಬಿಚ್ಚಿಕೊಳ್ಳಲು ಹೋದಾಗ ಇನ್ನೊಂದು ತಡೆಯುತ್ತದೆ. ಎದುರು-ಬದುರು ಹುರಿಯವನ್ನು ಸೇರಿಸಿದರೆ ಗಂಟಿನ ಹತ್ತಿರ ಎರಡೂ ಒಟ್ಟಿಗೇ ಬಿಚ್ಚಿಕೊಳ್ಳುತ್ತವೆ. ಕೊನೆಗೆ ಜೋಡಣೆಯ ಜಾಗ ತಿರುಗದ ಹಾಗೆ ಮರದ ಚೌಕಟ್ಟಿನಲ್ಲಿ ಬಿಗಿದು ಸಮುದ್ರಕ್ಕೆ ಇಳಿಸುವ ಉಪಾಯ ಮಾಡಬೇಕಾಯಿತು.

ಈ ಒಂದೇ ಪದರದ ಹುರಿಗೆ ಇನ್ನೊಂದು ರೋಗವೂ ಇದೆ. ಆಳದಲ್ಲಿ ಜೋತಾಡುವಾಗ ಸ್ವಲ್ಪ ಬಿಚ್ಚಿಕೊಂಡ ಕೇಬಲ್, ತಳ ಮುಟ್ಟಿ ಎಳೆತ ಕಡಿಮೆಯಾದ ತಕ್ಷಣ ಮತ್ತೆ ಸುತ್ತಿಕೊಳ್ಳಲು ಹೋಗಿ ಕುಣಿಕೆ ಹಾಕಿಕೊಳ್ಳುತ್ತದೆ. ಆ ಕುಣಿಕೆ ಬಿಗಿದರೆ ಒಳಗಿನ ತಂತಿಯ ಕಥೆ ಮುಗಿಯಿತು.

1857ರ ಆಗಸ್ಟಿನಲ್ಲಿ ಅಮೆರಿಕದ 'ನಯಾಗರಾ' ಹಡಗು ಐರ್ಲೆಂಡಿನ ವೆಲೆನ್ಷಿಯಾದಿಂದ ಕೇಬಲ್ ಇಳಿಸುತ್ತಾ ಹೊರಟಿತು. ಸುಮಾರು 620 ಕಿಲೋಮೀಟರ್ ಹೋಗಿತ್ತು. ಆಗಸ್ಟ್ 11ರ ಬೆಳಗಿನ ಜಾವ, ಆಳ ಸುಮಾರು 3,600 ಮೀಟರ್. ಕೇಬಲ್ ಬೇಕಾದ್ದಕ್ಕಿಂತ ಜೋರಾಗಿ ಓಡುತ್ತಿತ್ತು ಅಂತ ಬ್ರೇಕು ಬಿಗಿ ಮಾಡಿದ್ದರು. ಅಲೆಗೆ ಹಡಗಿನ ಹಿಂಭಾಗ ಮೇಲೆದ್ದಿತು. ಆ ಕ್ಷಣಕ್ಕೆ ಬ್ರೇಕು ಸಡಿಲವಾಗಬೇಕಿತ್ತು, ಆಗಲಿಲ್ಲ. ಕೇಬಲ್ ಪಟ್ಟನೆ ಹರಿದು ಸಮುದ್ರ ಸೇರಿತು. ಮುಖ್ಯ ಎಂಜಿನಿಯರ್ ಚಾರ್ಲ್ಸ್ ಬ್ರೈಟ್ ಕೊಟ್ಟ ವರದಿಯಲ್ಲಿ ತಪ್ಪು ಬ್ರೇಕಿನ ಹತ್ತಿರ ನಿಂತಿದ್ದ ಮೆಕ್ಯಾನಿಕ್‌ನದಾಯಿತು.

ನಿಜಕ್ಕೂ ಅವನದೇ ತಪ್ಪೇ? ಸ್ವಲ್ಪ ಲೆಕ್ಕ ಹಾಕೋಣ. ಅದೇ 1857ರಲ್ಲಿ ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವನು) ಒಂದು ಚಂದದ ವಿಷಯ ತೋರಿಸಿದ. ಹಡಗು ಒಂದೇ ವೇಗದಲ್ಲಿ ಹೋಗುತ್ತಿದ್ದರೆ ಕೇಬಲ್ ನೀರೊಳಗೆ ಬಾಗುಬಾಗಾಗಿ ಇರುವುದಿಲ್ಲ; ಹಡಗಿನಿಂದ ತಳದವರೆಗೆ ಓರೆಯಾದ ಒಂದು ನೇರಗೆರೆಯಲ್ಲಿ ಇಳಿಯುತ್ತದೆ. ಗೆರೆ ಎಷ್ಟೇ ಓರೆಯಿರಲಿ, ಹಡಗಿನ ತುದಿಯಲ್ಲಿ ಬೀಳುವ ಎಳೆತ ಮಾತ್ರ ಹೆಚ್ಚುಕಡಿಮೆ ಅಷ್ಟೇ: ನೀರಿನೊಳಗೆ ಕೇಬಲ್ಲಿನ ತೂಕವನ್ನು ಆಳದಿಂದ ಗುಣಿಸಿದಷ್ಟು.

ಆ ಕೇಬಲ್ ನೀರಲ್ಲಿ ಕಿಲೋಮೀಟರಿಗೆ ಸುಮಾರು 370 ಕೆ.ಜಿ. ತೂಗುತ್ತಿತ್ತು. ದಾರಿಯ ಅತಿ ಆಳ ಸುಮಾರು 4.4 ಕಿಲೋಮೀಟರ್. ಗುಣಿಸಿದರೆ ಒಂದೂವರೆ ಟನ್ನಿಗೂ ಮೇಲೆ. ಕೇಬಲ್ ಹರಿಯುತ್ತಿದ್ದುದು ಸುಮಾರು 3.3 ಟನ್ನಿಗೆ. ಅಂದರೆ ಸಮುದ್ರ ಕೊಳದ ಹಾಗೆ ಶಾಂತವಾಗಿದ್ದರೂ ಅರ್ಧ ಶಕ್ತಿ ತನ್ನನ್ನು ತಾನು ಹೊರುವುದಕ್ಕೇ ಖರ್ಚು! ಉಳಿದ ಅರ್ಧದಲ್ಲಿ ಅಲೆ, ಬ್ರೇಕು, ಗಾಳಿ, ಬೆಳಗಿನ ಜಾವದ ನಿದ್ದೆಗಣ್ಣು ಎಲ್ಲವೂ ಹಿಡಿಸಬೇಕು. ಒಬ್ಬ ಮನುಷ್ಯ ಒಂದು ಕ್ಷಣ ತಡಮಾಡಿದರೆ ಇಡೀ ಕೆಲಸ ನೀರುಪಾಲಾಗುತ್ತದೆ ಅನ್ನುವಂಥ ಹಗ್ಗ ಅದು. ಅಂಥದ್ದನ್ನು ಅವನ ಕೈಗೆ ಕೊಟ್ಟವರು ಯಾರು ಅಂತ ಆಗ ಯಾರೂ ಕೇಳಲಿಲ್ಲ.

*

1858ರಲ್ಲಿ ಎಳೆತ ಮಿತಿ ಮೀರಿದರೆ ತಾನೇ ಸಡಿಲವಾಗುವ ಬ್ರೇಕು ಬಂತು. ನಡುಸಮುದ್ರದಲ್ಲಿ ಎರಡು ಹಡಗುಗಳು ಕೇಬಲ್ ಜೋಡಿಸಿ ಎರಡು ದಿಕ್ಕಿಗೆ ಹೊರಟವು. ಹಲವು ಸಲ ಹರಿದು, ಕೊನೆಗೆ ಆಗಸ್ಟ್ 5ರಂದು ಎರಡೂ ದಡ ಸೇರಿದವು. ವಿಕ್ಟೋರಿಯಾ ರಾಣಿಯ 98 ಪದಗಳ ಸಂದೇಶ ಅಟ್ಲಾಂಟಿಕ್ ದಾಟಲು ಸುಮಾರು 16 ಗಂಟೆ ತೆಗೆದುಕೊಂಡಿತು!

ಈ ಕೇಬಲ್ಲಿಗೂ ನಮಗೂ ಒಂದು ಸಂಬಂಧ ಇದೆ. 1857ರ ದಂಗೆಯ ಕಾರಣಕ್ಕೆ ಕೆನಡಾದಲ್ಲಿದ್ದ ಎರಡು ಬ್ರಿಟಿಷ್ ರೆಜಿಮೆಂಟುಗಳಿಗೆ ಹಡಗು ಹತ್ತಲು ಆಜ್ಞೆ ಹೋಗಿತ್ತು. ಅಷ್ಟರಲ್ಲಿ ಇಲ್ಲಿ ದಂಗೆ ಅಡಗುತ್ತಾ ಬಂದಿತ್ತು. ಹೊರಡಬೇಡಿ ಅನ್ನುವ ಆಜ್ಞೆ ಈ ಕೇಬಲ್ಲಿನ ಮೂಲಕ ಹೋಯಿತು. ಆ ಒಂದು ಸಂದೇಶದಿಂದ ಸುಮಾರು 50,000 ಪೌಂಡು ಉಳಿಯಿತು ಅಂತ ಆಗ ಲೆಕ್ಕ ಹಾಕಿದರು. ಅದಾಗಿ ಕೆಲವೇ ದಿನಗಳಲ್ಲಿ ಕೇಬಲ್ ಮೌನವಾಯಿತು.

ಈ ಸಲ ಅಪವಾದ ಬಂದದ್ದು ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಮೇಲೆ. ವೃತ್ತಿಯಲ್ಲಿ ಸರ್ಜನ್. ಕೇಬಲ್ ಉದ್ದವಾದ ಹಾಗೆ ಸಂದೇಶ ಉದ್ದದ ವರ್ಗದ ಪ್ರಮಾಣದಲ್ಲಿ ನಿಧಾನವಾಗುತ್ತದೆ, ಹಾಗಾಗಿ ತಾಮ್ರವೂ ಗಟ್ಟಾಪರ್ಚಾವೂ ದಪ್ಪ ಇರಬೇಕು ಅಂತ ಥಾಮ್ಸನ್ ಹೇಳಿದ್ದನ್ನು ಇವನು ಒಪ್ಪಿರಲಿಲ್ಲ. ಸಿಗ್ನಲ್ ಕ್ಷೀಣವಾದಾಗ ಸುಮಾರು 2,000 ವೋಲ್ಟ್ ಕೊಟ್ಟು ತಳ್ಳಲು ನೋಡಿದ. ಕಂಪನಿ ಅವನನ್ನು ತೆಗೆದುಹಾಕಿತು. ಅವನ ತಪ್ಪು ಇತ್ತು, ಸುಳ್ಳಲ್ಲ. ಆದರೆ ಆ ಕೇಬಲ್ ಅವಸರದಲ್ಲಿ ಹುಟ್ಟಿದ್ದು. ಬಿಸಿಲಿಗೆ ಒಡ್ಡಿಕೊಂಡು ಗಟ್ಟಾಪರ್ಚಾ ಮೆತ್ತಗಾಗಿ ತಾಮ್ರ ಅಲ್ಲಲ್ಲಿ ನಡುವಿನಿಂದ ಸರಿದಿತ್ತು. ಹಡಗಿಗೆ ಏರಿಸಿ ಇಳಿಸಿ ಎಷ್ಟೋ ಸಲ ಬಳಲಿತ್ತು. ವೈಟ್‌ಹೌಸ್ ಕೊಂದದ್ದು ಆಗಲೇ ಸಾಯುತ್ತಿದ್ದ ಕೇಬಲ್ಲನ್ನು.

ಇದರ ಬೆನ್ನಿಗೇ 1859-60ರಲ್ಲಿ ಸೂಯೆಜ್‌ನಿಂದ ಏಡನ್ ಮೂಲಕ ಕರಾಚಿಗೆ ಕೇಬಲ್ ಹಾಕಿದರು. ಅವಸರ ಏಕೆಂದರೆ ಮತ್ತದೇ ದಂಗೆ. ಭಾರತದ ಸುದ್ದಿ ಲಂಡನ್ನಿಗೆ ಬೇಗ ಮುಟ್ಟಬೇಕಿತ್ತು. ಇಲ್ಲಿ ಕೇಬಲ್ಲನ್ನು ಸಾಕಷ್ಟು ಸಡಿಲ ಬಿಡದೆ ಬಿಗಿಯಾಗಿ ಎಳೆದು ಹಾಕಿದ್ದರು. ಸಮುದ್ರದ ತಳ ನಮ್ಮ ಮಲೆನಾಡಿನ ಹಾಗೆ ಏರುತಗ್ಗು. ಕೇಬಲ್ ತಗ್ಗುಗಳಲ್ಲಿ ನೆಲ ಮುಟ್ಟದೆ, ಎರಡು ದಿಬ್ಬಗಳ ನಡುವೆ ಬಟ್ಟೆ ಒಣಗಿಸುವ ಹಗ್ಗದಂತೆ ತೂಗಿಕೊಂಡಿತು. ಅದರ ಮೇಲೆ ಚಿಪ್ಪುಜೀವಿಗಳು ಬೆಳೆದು ಭಾರವಾಗಿ ತುಂಡುತುಂಡಾಯಿತು. ಬ್ರಿಟಿಷ್ ಸರ್ಕಾರ 8 ಲಕ್ಷ ಪೌಂಡಿನ ಬಂಡವಾಳಕ್ಕೆ ಐವತ್ತು ವರ್ಷ ಶೇಕಡಾ 4.5ರಂತೆ ಖಾತರಿ ಕೊಟ್ಟಿತ್ತು. ಕೇಬಲ್ ಸತ್ತರೂ ವರ್ಷಕ್ಕೆ 36,000 ಪೌಂಡು ಕಟ್ಟಬೇಕಾಗಿ ಬಂತು!

ಜೇಬಿಗೆ ಬಿಸಿ ತಟ್ಟಿದ ಮೇಲೆ ಬುದ್ಧಿ ಬಂತು ನೋಡಿ :) ಸರ್ಕಾರವೂ ಅಟ್ಲಾಂಟಿಕ್ ಟೆಲಿಗ್ರಾಫ್ ಕಂಪನಿಯೂ ಸೇರಿ 1859ರಲ್ಲಿ ಒಂದು ಸಮಿತಿ ಮಾಡಿದವು. ತಾಮ್ರ ಎಷ್ಟು ಶುದ್ಧವಿದೆ, ಗಟ್ಟಾಪರ್ಚಾ ಒತ್ತಡದಲ್ಲಿ ಹೇಗಿರುತ್ತದೆ, ಯಾವ ಕವಚ ಎಷ್ಟು ಭಾರಕ್ಕೆ ಹರಿಯುತ್ತದೆ, ಎಲ್ಲವನ್ನೂ ಅಳೆಸಿದರು, ಸಾಕ್ಷಿಗಳನ್ನು ಕರೆದು ಕೇಳಿದರು. 1861ರಲ್ಲಿ ದಪ್ಪನೆಯ ವರದಿ ಬಂತು. ಸೋತದ್ದಕ್ಕೆಲ್ಲ ಕಾರಣವಿದೆ, ಆ ಕಾರಣಗಳನ್ನು ಮೊದಲೇ ತಪ್ಪಿಸಬಹುದಿತ್ತು ಅನ್ನುವುದು ಅದರ ಸಾರಾಂಶ. ಯಾರು ತಪ್ಪು ಮಾಡಿದ ಅನ್ನುವ ಪ್ರಶ್ನೆಯ ಪಕ್ಕದಲ್ಲಿ ಹಗ್ಗದಲ್ಲಿ ಏನು ತಪ್ಪಿತ್ತು ಅನ್ನುವ ಪ್ರಶ್ನೆಯೂ ಬಂದು ಕೂತದ್ದು ಆಗ.

*

ಅದರ ಫಲ 1865ರ ಕೇಬಲ್. ನನಗೆ ಈ ಇಡೀ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ ಇದು.

ಒಳಗಿನ ತಾಮ್ರ ಹೆಚ್ಚುಕಡಿಮೆ ಮೂರು ಪಟ್ಟಾಯಿತು (ನಾಟಿಕಲ್ ಮೈಲಿಗೆ 107 ಪೌಂಡು ಇದ್ದದ್ದು 300 ಪೌಂಡು). ಕವಚಕ್ಕೆ ಸಣ್ಣ ಹುರಿಗಳ ಬದಲು ಹತ್ತು ಗಟ್ಟಿ ತಂತಿಗಳು, ಒಂದೊಂದಕ್ಕೂ ಮನಿಲಾ ನಾರು ಸುತ್ತಿದ್ದರು. ನೆಲದ ಮೇಲೆ ತೂಗಿದರೆ ಹಳೇ ಕೇಬಲ್ ಕಿಲೋಮೀಟರಿಗೆ ಸುಮಾರು 550 ಕೆ.ಜಿ., ಹೊಸದು ಸುಮಾರು 980 ಕೆ.ಜಿ. ಭಾರ ಇಷ್ಟೊಂದು ಏರಿದರೆ ಇನ್ನೂ ಬೇಗ ಹರಿಯಬೇಕಲ್ಲ ಅನ್ನಿಸುತ್ತದೆ. ಆದರೆ ನೀರಿನೊಳಗೆ ಹಳೆಯದು 370, ಹೊಸದು ಬರೀ 385!

ಬಾವಿಯಿಂದ ನೀರು ಸೇದಿದವರಿಗೆ ಇದು ಗೊತ್ತು. ತುಂಬಿದ ಕೊಡ ನೀರೊಳಗೆ ಇರುವವರೆಗೂ ಹೂವಿನಂತೆ ಹಗುರ, ಮೇಲೆ ಎದ್ದ ತಕ್ಷಣ ರಟ್ಟೆ ಎಳೆಯುತ್ತದೆ. ನಾರು ಕೇಬಲ್ಲಿನ ಮೈಯನ್ನು ದಪ್ಪ ಮಾಡಿತು, ದಪ್ಪ ಮೈ ಹೆಚ್ಚು ನೀರನ್ನು ಪಕ್ಕಕ್ಕೆ ಸರಿಸಿತು, ಆ ನೀರೇ ಕೇಬಲ್ಲನ್ನು ಹೊತ್ತುಕೊಂಡಿತು. ಇತ್ತ ಹರಿಯುವ ಮಿತಿ 3.3 ಟನ್ನಿನಿಂದ ಸುಮಾರು 7.9 ಟನ್ನಿಗೆ ಏರಿತು. ಅತಿ ಆಳದಲ್ಲಿ ಬೀಳುವ ಎಳೆತದ ಎರಡು ಪಟ್ಟು ಇದ್ದ ಶಕ್ತಿ ನಾಲ್ಕೂವರೆ ಪಟ್ಟಾಯಿತು. ಇನ್ನು ಬ್ರೇಕಿನ ಹತ್ತಿರ ನಿಂತವನು ಒಂದು ಕ್ಷಣ ಆಕಳಿಸಬಹುದು.

ಆದರೂ 1865ರಲ್ಲಿ ಸೋತರು. ಇಡೀ ಕೇಬಲ್ಲನ್ನು ಒಂದೇ ಹೊಟ್ಟೆಯಲ್ಲಿ ಹೊರಬಲ್ಲ ದೈತ್ಯ ಹಡಗು 'ಗ್ರೇಟ್ ಈಸ್ಟರ್ನ್' ಹೊರಟಿತ್ತು. ದಾರಿಯಲ್ಲಿ ಇನ್ಸುಲೇಶನ್ ಮತ್ತೆಮತ್ತೆ ಕೆಟ್ಟಿತು. ಎಳೆದು ನೋಡಿದರೆ ಗಟ್ಟಾಪರ್ಚಾಕ್ಕೆ ಚುಚ್ಚಿದ ಕಬ್ಬಿಣದ ತುಂಡು. ಯಾರೋ ಕೆಲಸದವರೇ ಬೇಕಂತ ಚುಚ್ಚಿದ್ದಾರೆ ಅಂತ ಗುಮಾನಿ ಹುಟ್ಟಿ, ಹಡಗಿನಲ್ಲಿದ್ದ ದೊಡ್ಡ ಮನುಷ್ಯರೇ ಸರದಿಯಂತೆ ಕೇಬಲ್ ತೊಟ್ಟಿಯ ಕಾವಲಿಗೆ ನಿಂತರು. ಕೊನೆಗೆ ತಿಳಿದದ್ದೇನು? ಕವಚದ ತಂತಿಯೇ ಪೆಡಸಾಗಿತ್ತು. ಸುರುಳಿಗಳ ಭಾರಕ್ಕೆ ಮುರಿದ ಚೂರು ತಾನೇ ಒಳಕ್ಕೆ ಚುಚ್ಚುತ್ತಿತ್ತು. ಕಾಯಬೇಕಾದ ಬೇಲಿಯೇ ಹೊಲ ಮೇಯುತ್ತಿತ್ತು! ಆ ಕೂಲಿಯವರ ಹತ್ತಿರ ಯಾರಾದರೂ ಕ್ಷಮೆ ಕೇಳಿದರೋ ಏನೋ, ನಾನು ಓದಿದ್ದರಲ್ಲಿ ಎಲ್ಲೂ ಕಾಣಲಿಲ್ಲ. ಆಗಸ್ಟ್ 2ರಂದು ಕೆಟ್ಟ ಭಾಗವನ್ನು ಮೇಲೆತ್ತುವಾಗ ಕೇಬಲ್ ಉಜ್ಜಿ ಹರಿಯಿತು. ಸುಮಾರು ಮೂರನೇ ಎರಡು ಭಾಗ ದಾರಿ ಮುಗಿದಿತ್ತು.

1866ರಲ್ಲಿ ಕವಚದ ತಂತಿಗೆ ಸತುವಿನ ಲೇಪ ಕೊಟ್ಟರು, ಹಡಗಿನ ಯಂತ್ರ ಕೇಬಲ್ಲನ್ನು ಹಿಂದಕ್ಕೂ ಎಳೆಯುವಂತೆ ಮಾಡಿಕೊಂಡರು. ಜುಲೈ 27ರಂದು ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಗೆ ಕೇಬಲ್ ಬಂದು ಮುಟ್ಟಿತು. ಅಷ್ಟಕ್ಕೇ ಬಿಡದೆ, ಹಿಂದಿನ ವರ್ಷ ಕಳೆದುಹೋಗಿದ್ದ ತುದಿಯನ್ನು ಅಷ್ಟು ಆಳದಿಂದ ಕೊಕ್ಕೆ ಹಾಕಿ ಎತ್ತಿ, ಜೋಡಿಸಿ, ಸೆಪ್ಟೆಂಬರ್ 8ಕ್ಕೆ ಅದನ್ನೂ ದಡ ಸೇರಿಸಿದರು. ಬಾವಿಗೆ ಬಿದ್ದ ಕೊಡವನ್ನು ಪಾತಾಳಗರಡಿ ಹಾಕಿ ಎತ್ತುವ ಹಾಗೆ. 1870ರಲ್ಲಿ ಅದೇ ಗ್ರೇಟ್ ಈಸ್ಟರ್ನ್, ಬಿಸಿಲಿಗೆ ಅಂತ ಬಿಳಿ ಬಣ್ಣ ಬಳಿದುಕೊಂಡು, ಬೊಂಬಾಯಿಯಿಂದ ಏಡನ್ನಿಗೆ ಕೇಬಲ್ ಹಾಕಿತು.

*

ತಂತಿ ಕೇಬಲ್ಲಿನಿಂದ ಹೊಕ್ಕುಳಬಳ್ಳಿಗೆ ಬರಲು ನಡುವೆ ಒಂದು ಮೆಟ್ಟಿಲಿದೆ. 1942ರಲ್ಲಿ, ಮಹಾಯುದ್ಧದ ನಡುವೆ, ಫ್ರಾನ್ಸಿಗೆ ಇಳಿಯಲಿದ್ದ ಸೈನ್ಯಕ್ಕೆ ಸಮುದ್ರದಡಿಯಲ್ಲಿ ಪೆಟ್ರೋಲು ಕಳಿಸುವುದು ಹೇಗೆ ಅನ್ನುವ ಪ್ರಶ್ನೆ ಬಂತು. ಆಂಗ್ಲೋ-ಇರಾನಿಯನ್ ಆಯಿಲ್ ಕಂಪನಿಯ ಮುಖ್ಯ ಎಂಜಿನಿಯರ್ ಆರ್ಥರ್ ಹಾರ್ಟ್ಲಿ ಕೊಟ್ಟ ಉತ್ತರ ಸರಳ: ಸಮುದ್ರದ ಕೇಬಲ್ಲಿನ ನಡುವಿನ ತಾಮ್ರ ತೆಗೆದು ಆ ಜಾಗವನ್ನು ಟೊಳ್ಳು ಬಿಡಿ! ಸೀಸದ ಕೊಳವೆ, ಅದರ ಸುತ್ತ ಉಕ್ಕಿನ ಪಟ್ಟಿ, ಸೆಣಬು, ಉಕ್ಕಿನ ತಂತಿಯ ಹುರಿ. 1944ರಲ್ಲಿ ಇದನ್ನು ಇಂಗ್ಲಿಷ್ ಕಾಲುವೆಗೆ ಇಳಿಸಿದರು. ಟೊಳ್ಳು ಕೊಳವೆ ಬಾಗುವಾಗ ಚಪ್ಪಟೆಯಾಗಬಾರದು ಅಂತ ಒಳಗೆ ನೀರು ತುಂಬಿ, ಒತ್ತಡ ಕೊಟ್ಟೇ ಇಳಿಸಬೇಕಾಯಿತು. ಇಲ್ಲೂ ಅದೇ ನೋಡಿ, ಕಷ್ಟ ಇದ್ದದ್ದು ಇಳಿಸುವ ಹೊತ್ತಿನಲ್ಲಿ.

ಅರವತ್ತರ ದಶಕದಲ್ಲಿ ಸಮುದ್ರದ ತಳದಲ್ಲೇ ಬಾವಿಯ ಬಾಯಿ ಕೂರಿಸುವುದು ಶುರುವಾಯಿತು. ಮುಂದೆ ತಂತಿ, ಕೊಳವೆ ಎರಡೂ ಒಂದೇ ಹುರಿಯೊಳಗೆ ಸೇರಿ ಅಂಬಿಲಿಕಲ್ ಆಯಿತು. ಮೊದಲು ಪ್ಲಾಸ್ಟಿಕ್ ಹೋಸು, ತೊಂಬತ್ತರ ದಶಕದಿಂದ ಆಳದ ನೀರಿಗೆ ತುಕ್ಕು ತಡೆಯುವ ಉಕ್ಕಿನ ಕೊಳವೆ. ಪ್ಲಾಸ್ಟಿಕ್ ಹೋಸಿನ ತೊಂದರೆ ಏನು ಗೊತ್ತೆ? ಈ ತುದಿಯಲ್ಲಿ ಒತ್ತಿದ ಒತ್ತಡ ಹೋಸನ್ನು ಉಬ್ಬಿಸುತ್ತಾ, ಒಳಗೋಡೆಗೆ ತಿಕ್ಕುತ್ತಾ ಸಾಗುವುದರಿಂದ ಆ ತುದಿಗೆ ತಡವಾಗಿ ಮುಟ್ಟುತ್ತದೆ. ಉದ್ದ ಎರಡು ಪಟ್ಟಾದರೆ ತಡ ಸುಮಾರು ನಾಲ್ಕು ಪಟ್ಟು. ಥಾಮ್ಸನ್ ವಿದ್ಯುತ್ತಿಗೆ ಹೇಳಿದ ಅದೇ ವರ್ಗದ ನಿಯಮ ಎಣ್ಣೆಯ ವೇಷದಲ್ಲಿ ಮತ್ತೆ ಬಂತು! ಹಾಗಾಗಿ ಆಜ್ಞೆಯನ್ನು ವಿದ್ಯುತ್ತಿನಲ್ಲಿ ಕಳಿಸಿ, ಒತ್ತಡವನ್ನು ಬಾವಿಯ ಬಳಿಯೇ ಕೂಡಿಟ್ಟುಕೊಳ್ಳುವ ಏರ್ಪಾಡು ಮಾಡಿಕೊಂಡರು.

ಹುರಿ ಇವತ್ತಿಗೂ ಇದೆ. ಕೇಬಲ್ ಬಾಗಿದಾಗ ಹೊರಮಗ್ಗುಲು ಹಿಗ್ಗುತ್ತದೆ, ಒಳಮಗ್ಗುಲು ಕುಗ್ಗುತ್ತದೆ. ನೇರ ಕೊಳವೆಯಾದರೆ ಇಡೀ ಹೊಡೆತ ಅದಕ್ಕೇ. ಹುರಿಯಲ್ಲಿರುವ ಕೊಳವೆ ಸ್ವಲ್ಪ ದೂರ ಹೊರಮಗ್ಗುಲು, ಸ್ವಲ್ಪ ದೂರ ಒಳಮಗ್ಗುಲು; ತುಸು ಜಾರಿಕೊಂಡು ಸರಿದೂಗಿಸಿಕೊಳ್ಳುತ್ತದೆ. ಆದರೆ ಜಾರಲು ಮೊದಲು ಪಕ್ಕದವರ ಜೊತೆಗಿನ ತಿಕ್ಕಾಟ ಮೀರಬೇಕು. ಅಲೆಗೆ ಹಡಗು ಏಳುತ್ತಾ ಬೀಳುತ್ತಾ ಇದ್ದರೆ ಈ ಹಿಡಿತ-ಜಾರಾಟ ಕೋಟಿಗಟ್ಟಲೆ ಸಲ ನಡೆಯುತ್ತದೆ. ಲೋಹ ದಣಿಯುವುದು ಅಲ್ಲೇ. ಕವಚ ಹಾಕುವುದಾದರೆ ಎರಡು ಪದರ, ಒಂದು ಎಡಹುರಿ ಇನ್ನೊಂದು ಬಲಹುರಿ. 1857ರಲ್ಲಿ ಅನಾಹುತವಾಗಿದ್ದ ಎದುರು-ಬದುರು ಹುರಿಯನ್ನು ಈಗ ಬೇಕಂತಲೇ ಒಂದರ ಮೇಲೊಂದು ಕೂರಿಸುತ್ತಾರೆ, ಒಂದು ಬಿಚ್ಚಿಕೊಳ್ಳಲು ಹೋದರೆ ಇನ್ನೊಂದು ಹಿಡಿಯಲಿ ಅಂತ. ಹಡಗಿಗೆ ಸೇರುವ ಜಾಗದಲ್ಲಿ ತುದಿಗೆ ಸಪೂರವಾಗುತ್ತಾ ಹೋಗುವ ಪಾಲಿಯುರೆಥೇನಿನ ಶಂಕು ತೊಡಿಸುತ್ತಾರೆ. ಇಸ್ತ್ರಿಪೆಟ್ಟಿಗೆಯ ವೈರು ಯಾವಾಗಲೂ ಬುಡದಲ್ಲೇ ಮುರಿಯುತ್ತದಲ್ಲ, ಅಲ್ಲಿ ಒಂದು ರಬ್ಬರಿನ ತೊಡುಗೆ ಇರುತ್ತದಲ್ಲ, ಅದರದೇ ದೊಡ್ಡಣ್ಣ.

ಮೀನುಗಾರ, ಮೆಕ್ಯಾನಿಕ್, ಸರ್ಜನ್, ತೊಟ್ಟಿಯ ಕೂಲಿಯವರು. ಹದಿನಾರು ವರ್ಷದಲ್ಲಿ ಅಪವಾದ ಹೊತ್ತವರ ಪಟ್ಟಿ ಇದು. ಇವರಲ್ಲಿ ಕೆಲವರು ತಪ್ಪು ಮಾಡಿರಬಹುದು. ಆದರೆ ಅವರನ್ನು ಬೈದು ಕಳಿಸಿದ್ದರಿಂದ ಒಂದು ಮೈಲಿ ಕೇಬಲ್ಲೂ ಉಳಿಯಲಿಲ್ಲ. ಉಳಿದದ್ದು ಹಗ್ಗವನ್ನು ತೂಗಿ, ಎಳೆದು, ಹರಿದು ನೋಡಿದ ಮೇಲೆ. ನಮ್ಮ ಕಡೆ ಸೇತುವೆ ಕುಸಿದರೂ ಬಸ್ಸು ಉರುಳಿದರೂ ಸಂಜೆಯೊಳಗೆ ಒಬ್ಬ ಡ್ರೈವರೋ ಒಬ್ಬ ಜೂನಿಯರ್ ಎಂಜಿನಿಯರೋ ಸಸ್ಪೆಂಡ್ ಆಗಿರುತ್ತಾನೆ. ಆಗೆಲ್ಲ ನನಗೆ ನಯಾಗರಾ ಹಡಗಿನ ಆ ಬ್ರೇಕಿನವನು ನೆನಪಾಗುತ್ತಾನೆ. ನಿಮಗೇನನ್ನಿಸುತ್ತದೆ, ಹೇಳಿ.

ಹಾಂ, ಈ ಕೇಬಲ್ಲುಗಳಿಗಾಗಿ ಮಲಯದ ಕಾಡಿನಲ್ಲಿ ಉರುಳಿದ ಗಟ್ಟಾಪರ್ಚಾ ಮರಗಳದ್ದು ಬೇರೆಯೇ ಒಂದು ದುಃಖದ ಕಥೆ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.